ಛೇದ

ನಮ್ಮೂರಲ್ಲಿ ಸತ್ತವರು ಮೊದಲು ನನ್ನ ಅಂಗಡಿಗೆ ಬರುತ್ತಾರೆ,
ಆಮೇಲೆ ಮಣ್ಣಿಗೆ.
ಕಪ್ಪು ಅಂಚಿನ ಹಾಳೆ, ನಡುವೆ ಫೋಟೋ, ಕೆಳಗೆರಡು ಸಾಲು.
ಅಂಟಿಸುವುದು ಮನೆಬಾಗಿಲಿಗೆ, ಬಸ್ ನಿಲ್ದಾಣಕ್ಕೆ,
ಬ್ರೆಡ್ಡಿನಂಗಡಿ ಮುಂದಿನ ವಾಲ್ನಟ್ ಮರಕ್ಕೆ.
ನಲವತ್ತನೇ ದಿನ ಮತ್ತೊಮ್ಮೆ, ಆರು ತಿಂಗಳಿಗೆ, ವರ್ಷಕ್ಕೆ.
ಬಲ್ಗೇರಿಯದ ಈ ಮೂಲೆಯಲ್ಲಿ, ಡ್ಯಾನ್ಯೂಬಿನ ದಂಡೆಯಲ್ಲಿ
ಇರುವವರಿಗಿಂತ ಹೋದವರ ಮುಖವೇ ಬೀದಿಯಲ್ಲಿ ಹೆಚ್ಚು.

ಆ ಅಕ್ಟೋಬರಿನಲ್ಲಿ ನನ್ನ ಯಂತ್ರ ತಣ್ಣಗಾಗಲೇ ಇಲ್ಲ.

ಬೆಳಿಗ್ಗೆ ನರ್ಸ್ ಇಸ್ಕ್ರಾ:
'ಲಸಿಕೆ ಇದೆ, ಹತ್ತರಿಂದ ಎರಡು. ನೂರು ಪ್ರತಿ.
ಒಂದು ಸೀಸೆ ಒಡೆದರೆ ಆರು ತೋಳು ಬೇಕು ಮಾರಾಯಾ,
ನಿನ್ನೆ ಎರಡೇ ಬಂದವು. ಉಳಿದದ್ದು ಚೆಲ್ಲಿದೆ.'

ಮಧ್ಯಾಹ್ನ ದೊಬ್ರಿನ್ ಮೇಷ್ಟ್ರು, ನನಗೆ ಭೌತಶಾಸ್ತ್ರ ಕಲಿಸಿದವರು:
'ಇನ್ನೂರು. ಅಕ್ಷರ ದಪ್ಪಗಿರಲಿ.'
ಹತ್ತು ವರ್ಷದ ಕೆಲಸ ಹತ್ತು ತಿಂಗಳಲ್ಲಿ ಮುಗಿದದ್ದು ಹೇಗೆ?
ಚುಚ್ಚಿಸಿಕೊಂಡವರಿಗೂ ಬರುವುದಾದರೆ ಚುಚ್ಚುವುದೇಕೆ?
ಹೆಚ್ಚುಕಮ್ಮಿಯಾದರೆ ಹೊಣೆ ಯಾರು?
ಕೇಳಿದವರಿಗೆ ಬೈಗುಳವೇಕೆ?
ಕೊನೆಯದು ನನಗೂ ಸರಿಯೆನಿಸಿತು.

ಅವರನ್ನು ಪೆದ್ದ ಎನ್ನಲಾರೆ.
ಎಂಬತ್ತಾರರ ಮೇ ತಿಂಗಳು, ನನಗೆ ಹನ್ನೆರಡು.
ಮೋಡ ಬಂದು ಹೋಯಿತು, ಏನೂ ಆಗಿಲ್ಲ ಎಂದರು ದೊಡ್ಡವರು.
ಲ್ಯಾಬಿನ ಕಪಾಟಿನಲ್ಲಿ ಗೈಗರ್ ಪೆಟ್ಟಿಗೆ
ಒಂದು ಕಟ್ಟು ಸೊಪ್ಪಿನ ಮುಂದೆ ಹಲ್ಲಿಯ ಹಾಗೆ ಲೊಚಗುಟ್ಟಿತು.
ಮರುದಿನ ಹೆಡ್‌ಮಾಸ್ಟರು ಬಂದು ಬ್ಯಾಟರಿ ಕಳಚಿಕೊಂಡರು.
ಮೇಷ್ಟ್ರು ಬೋರ್ಡಿನ ಕಡೆ ತಿರುಗಿ
ಓಮನ ನಿಯಮ ಬರೆದರು. ಸೀಮೆಸುಣ್ಣ ಮುರಿಯಿತು.

ಒಂದೇ ಬಕೆಟ್ಟಿನ ಮೈದಾ ಅಂಟು, ಒಂದೇ ಮರ.
ಇಸ್ಕ್ರಾಳ ಹಾಳೆಯ ಮೇಲೆ ಮೇಷ್ಟ್ರದ್ದು,
ಮೇಷ್ಟ್ರದ್ದರ ಮೇಲೆ ಸತ್ತವರು.
ಸತ್ತವರನ್ನು ಯಾರೂ ಹರಿಯುವುದಿಲ್ಲ, ಅಷ್ಟು ಮರ್ಯಾದೆ ಉಳಿದಿದೆ.

ನವೆಂಬರಿನಲ್ಲಿ ಇಸ್ಕ್ರಾಳ ತಾಯಿ ಹೋದಳು.
ಎಂಬತ್ತೇಳು ವರ್ಷ, ಎರಡೂ ಡೋಸು.
ಮೇಷ್ಟ್ರು ಎರಡು ವಾರ ಕೆಮ್ಮಿ, ಚಹಾ ಕುಡಿದು, ಎದ್ದು ಕೂತರು.
ಬ್ರೆಡ್ಡಿನ ಸಾಲಿನಲ್ಲಿ ಅವತ್ತು
ತೀರ್ಪು ಕೊಡದ ಬಾಯಿ ಇರಲಿಲ್ಲ.
ಇಸ್ಕ್ರಾ ಫೋಟೋ ಕೊಟ್ಟಳು, ಹತ್ತು ಪ್ರತಿ ಸಾಕೆಂದಳು,
ಹತ್ತಕ್ಕೆ ಸರಿಯಾಗಿ ಹೋಗಿ ಕ್ಲಿನಿಕ್ಕಿನ ಬೀಗ ತೆಗೆದಳು.

ನನ್ನ ಹತ್ತಿರ ಒಂದು ರಸೀದಿ ಪುಸ್ತಕವಿದೆ.
ಮನೆಯವರನ್ನು ಮೆಲ್ಲಗೆ ಕೇಳಿ
(ಕೇಳಬಾರದಿತ್ತು, ಒಬ್ಬಳು ಉಗಿದಳು)
ಹಾಕಿಸಿಕೊಂಡವರ ಮುಂದೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟಿದ್ದೆ.
ನಲವತ್ತಮೂರು ಹಾಳೆ, ನಾಲ್ಕು ಚುಕ್ಕೆ.

ಮೇಷ್ಟ್ರು ಹೊಸ ಹಾಳೆ ತಂದವರು ಅದನ್ನು ನೋಡಿಬಿಟ್ಟರು.
ಬೈಯಲಿಲ್ಲ. ಕನ್ನಡಕ ಹಾಕಿಕೊಂಡು,
ಹಳೆಯ ದನಿಯಲ್ಲಿ: 'ಅಂಶ ಬರೆದಿದ್ದೀಯ. ಛೇದ ಎಲ್ಲಿ?
ಊರಲ್ಲಿ ಹಾಕಿಸಿಕೊಂಡವರೆಷ್ಟು?'
ಐದಕ್ಕೊಬ್ಬರು ಅಂತಾಳೆ ಇಸ್ಕ್ರಾ, ಅಂದೆ.
'ಅವರ ವಯಸ್ಸು?'
ಹೆಚ್ಚಿನವರು ಮುದುಕರೇ.

ಅಂಚಿನಲ್ಲಿ ಭಾಗಾಕಾರ ಮಾಡಿದರು. ಗೆರೆ ಎಳೆದರು.
ಎಂಟು ಒಂಬತ್ತು ಚುಕ್ಕೆ ಇರಬೇಕಾದ ಕಡೆ ನಾಲ್ಕು.
ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ,
'ಲೆಕ್ಕ ಚಿಕ್ಕದು, ಇದರಿಂದ ಏನೂ ಸಿದ್ಧವಾಗುವುದಿಲ್ಲ.'
ಹೌದು ಸಾರ್.
ಯಂತ್ರದ ಫ್ಯಾನು ತಿರುಗುತ್ತಿತ್ತು.
ಅವರ ಬೆರಳು ನಾಲ್ಕನೇ ಚುಕ್ಕೆಯ ಮೇಲೆ, ಆ ಮುದುಕಿಯ ಮೇಲೆ,
ತುಂಬ ಹೊತ್ತು ಇತ್ತು.

'ಇನ್ನೂರು ಬೇಡ. ಐವತ್ತು ಮಾಡು.'

ಪರ ಊರಿನವರು ನಮ್ಮಲ್ಲಿ ಮೋಸ ಹೋಗುತ್ತಾರೆ:
ತಲೆ ಅಡ್ಡ ಆಡಿಸಿದರೆ ನಮಗೆ ಹೌದು, ಮೇಲಕ್ಕೆತ್ತಿದರೆ ಇಲ್ಲ.
ಬಾಗಿಲಲ್ಲಿ ಕೇಳಿಯೇಬಿಟ್ಟೆ,
ಸಾರ್, ನೀವು ಹಾಕಿಸಿಕೊಳ್ತೀರಾ?
ಕುತ್ತಿಗೆಗೆ ಶಾಲು ಸುತ್ತಿಕೊಳ್ಳುತ್ತಿದ್ದರು. ತಲೆ ಆಡಿತು.
ಶಾಲಿಗೋ ನನಗೋ ತಿಳಿಯಲಿಲ್ಲ.

ಐವತ್ತು ಹಾಳೆ ಕಟ್ಟಿಟ್ಟೆ. ಇಸ್ಕ್ರಾಳ ನೂರೂ ಬಿಸಿಯಿತ್ತು.
ಗಡಿಯಾರ ಒಂದೂಮುಕ್ಕಾಲು.
ಆರು ತೋಳಲ್ಲಿ ಐದಾಗಿವೆಯೆಂದು ಅವಳ ಫೋನು.
ಅಂಟು ಹತ್ತಿದ ಕೈ ತೊಳೆಯುತ್ತಾ
ನೀರು ಬಿಟ್ಟುಕೊಂಡೇ ನಿಂತಿದ್ದೇನೆ,
ಅಂಗಿಯ ಎಡತೋಳು ಒದ್ದೆಯಾಗುವವರೆಗೆ.